ಎಂಬತ್ತೆಂಟು ಡಿಗ್ರಿಯವನು

ಅವನು ಸತ್ತ ದಿನ ಮನೆಯ ಮುಂದೆ ಬೆಂಚು ಹಾಕಿಕೊಂಡು ಕೂತ ಅವನ ಭಾವ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ತಣ್ಣನೆ ಮನುಷ್ಯ. ಯಾರ ತಂಟೆಗೂ ಹೋದೋನಲ್ಲ." ಸಾವಿನ ಮನೆಯಲ್ಲಿ ಸುಳ್ಳು ಹೇಳುವುದು ಸಭ್ಯತೆ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಆದರೆ ಸುಳ್ಳಿಗೂ ಸತ್ತವನ ಮುಖದ ಹೋಲಿಕೆ ಸ್ವಲ್ಪವಾದರೂ ಇರಬೇಡವೇ? ನನ್ನ ಗೆಳೆಯ ಎಲ್ಲರ ತಂಟೆಗೂ ಹೋಗುತ್ತಿದ್ದ. ಕೇಳದವರಿಗೂ ಬುದ್ಧಿ ಹೇಳುತ್ತಿದ್ದ, ಕೇಳಿದವರಿಗೆ ಬೈದು ಹೇಳುತ್ತಿದ್ದ. ಅವನನ್ನು ತಣ್ಣನೆಯವನು ಎಂದವನು ಅವನ ಮಾತನ್ನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ ಎಂದೇ ಅರ್ಥ. ಭಾವ ಕೇಳಿಸಿಕೊಂಡಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಗೆಳೆಯ ಕೆಲಸಕ್ಕಿದ್ದದ್ದು ವಾಹನಗಳ ಬಿಡಿಭಾಗಗಳ ಅಂಗಡಿಯಲ್ಲಿ, ಕೌಂಟರಿನ ಹಿಂದೆ. ನನ್ನ ಹಳೇ ಪುಸ್ತಕದ ಅಂಗಡಿ ಅದರ ಎದುರಿಗೇ ಇದೆ. ಬೀದಿಯ ಮೆಕ್ಯಾನಿಕ್‌ಗಳು ಅವನನ್ನು 'ಎಂಬತ್ತೆಂಟು' ಎಂದೇ ಕರೆಯುತ್ತಿದ್ದರು. ಆ ಹೆಸರು ಥರ್ಮೋಸ್ಟಾಟಿನಿಂದ ಬಂದದ್ದು. ಇಂಜಿನ್‌ಗೂ ರೇಡಿಯೇಟರಿಗೂ ನಡುವೆ ಕೂರುವ, ಅಂಗೈಯಲ್ಲಿ ಹಿಡಿಸುವ ಬಾಗಿಲು ಅದು. ಒಳಗಿನ ನೀರು ತಕ್ಕಷ್ಟು ಬಿಸಿಯಾದಾಗ ಅದರಲ್ಲಿರುವ ಮೇಣ ಕರಗಿ ಉಬ್ಬುತ್ತದೆ, ಬಾಗಿಲು ತೆರೆಯುತ್ತದೆ, ನೀರು ತಣಿಯಲು ರೇಡಿಯೇಟರಿಗೆ ಹೋಗುತ್ತದೆ. ಎಷ್ಟು ಡಿಗ್ರಿಗೆ ತೆರೆಯಲು ಶುರುಮಾಡಬೇಕೆಂಬುದನ್ನು ಅದರ ಮೇಲೇ ಒತ್ತಿರುತ್ತಾರೆ. ಕಂಪ್ಯೂಟರು ಅಳೆದು ಪೆಟ್ರೋಲು ಚಿಮ್ಮಿಸುವ ಹಳೇ ಇಂಜೆಕ್ಷನ್ ಗಾಡಿಗಳಿಗೆ, ಅಂದರೆ ಈ ಬೀದಿಗೆ ಬರುವ ಅರ್ಧಕ್ಕರ್ಧ ಗಾಡಿಗಳಿಗೆ, ತಯಾರಕರು ಹೇಳಿದ್ದು ಎಂಬತ್ತೆಂಟು. ಜನ ಕೇಳುತ್ತಿದ್ದದ್ದು ಎಪ್ಪತ್ತೊಂದು.

"ಎಪ್ಪತ್ತೊಂದು ಡಿಗ್ರೀದು ಕೊಡಿ."

"ಯಾವ ಗಾಡಿ?"

"ಇಂಜೆಕ್ಷನ್ನೇ, ಸ್ವಲ್ಪ ಹಳೇದು."

"ಹಾಗಾದ್ರೆ ಇಲ್ಲ."

"ಅಲ್ಲೇ ಕಾಣ್ತಾ ಇದೆಯಲ್ಲ ಸ್ವಾಮಿ, ಹಿಂದೆ."

"ಕಾಣ್ತಾ ಇದೆ. ಕೊಡಲ್ಲ."

"ಬಿಸಿಲು ನೋಡಿ ಹೇಗಿದೆ. ಇಂಜಿನ್ ತಣ್ಣಗಿರ್ಲಿ ಅಂತ."

"ತಣ್ಣಗಿರಬೇಕಾದ್ದು ಹೊಟ್ಟೆ, ಇಂಜಿನ್ ಅಲ್ಲ. ಅಷ್ಟೊಂದು ತಣ್ಣಗಿರ್ಬೇಕು ಅಂದ್ರೆ ಗಾಡೀನ ಮನೇಲೇ ಬಿಟ್ಟು ನಡ್ಕೊಂಡು ಓಡಾಡಿ."

ಹೀಗೆ ಬೈಸಿಕೊಂಡವರು ಪಕ್ಕದ ಬೀದಿಯಲ್ಲಿ ಎಪ್ಪತ್ತೊಂದನ್ನೇ ಕೊಂಡು ಹೋಗುತ್ತಿದ್ದರು. ಮಾಲೀಕರು ಅವನನ್ನು ಏಕೆ ಇಟ್ಟುಕೊಂಡಿದ್ದರೋ ಕಾಣೆ.

ಅವನ ಪ್ರಕಾರ ತಪ್ಪು ನಮ್ಮ ಭಾಷೆಯದೇ. ಹರಸುವಾಗ ಹೊಟ್ಟೆ ತಣ್ಣಗಿರಲಿ ಎನ್ನುತ್ತೇವೆ, ಅಸೂಯೆಗೆ ಹೊಟ್ಟೆಯುರಿ ಎನ್ನುತ್ತೇವೆ, ಕೋಪಕ್ಕೆ ತಲೆ ಬಿಸಿ ಎನ್ನುತ್ತೇವೆ. ಬಿಸಿಯೆಂದರೆ ಕೇಡು ಎಂದು ಹಾಲಿನ ಜೊತೆಗೇ ಕುಡಿದ ಜನ ಇಂಜಿನ್ನನ್ನೂ ಹರಸಲು ಹೊರಡುತ್ತಾರೆ. ಕಾರ್ಬುರೇಟರಿನ ಕಾಲಕ್ಕೆ ಈ ಹರಕೆ ಹೇಗೋ ನಡೆಯುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಒಂದು ಸೆನ್ಸರು ನೀರಿನ ಬಿಸಿಯನ್ನು ನೋಡಿ ಕಂಪ್ಯೂಟರಿಗೆ ಹೇಳುತ್ತದೆ. ನೀರು ಬಿಸಿಯೇರದಿದ್ದರೆ ಕಂಪ್ಯೂಟರು ಇಂಜಿನ್ ಈಗಷ್ಟೇ ಎದ್ದಿದೆ ಎಂದುಕೊಂಡು ಪೆಟ್ರೋಲು ಹೆಚ್ಚು ಸುರಿಯುತ್ತಲೇ ಇರುತ್ತದೆ. ಗಾಡಿ ಊರೆಲ್ಲ ಸುತ್ತಿ ಬಂದಿದ್ದರೂ ಅದರ ಪಾಲಿಗೆ ಇನ್ನೂ ಹಾಸಿಗೆ ಬಿಟ್ಟಿಲ್ಲ. ಉರಿಯದ ಪೆಟ್ರೋಲು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಆಯಿಲ್ ಜೊತೆ ಬೆರೆತು ಇಂಜಿನ್ನನ್ನು ಒಳಗಿಂದಲೇ ತಿನ್ನುತ್ತದೆ. ಇದನ್ನು ಅವನು ನನಗೆ ಎಷ್ಟು ಸಲ ಹೇಳಿದ್ದನೆಂದರೆ, ಗಾಡಿಯೇ ಇಲ್ಲದ ನಾನು ನಿದ್ದೆಯಲ್ಲೂ ಒಪ್ಪಿಸಬಲ್ಲೆ.

ಇನ್ನು ಭಾವ. ಅವನ ಅಕ್ಕನ ಗಂಡ, ಬೀದಿಯ ಕೊನೆಯ ಗ್ಯಾರೇಜಿನವನು. ನೆಗಡಿ ಬಂತೆಂದು ಮೂಗು ಕೊಯ್ದರಂತೆ ಎಂಬ ಗಾದೆಯನ್ನು ಭಾವ ವೃತ್ತಿ ಮಾಡಿಕೊಂಡಿದ್ದ. ಗಾಡಿ ತೀರಾ ಬಿಸಿಯಾಗುತ್ತದೆ ಎಂದು ಯಾರೇ ಬರಲಿ, ರೇಡಿಯೇಟರು ಕಟ್ಟಿದೆಯೋ, ಫ್ಯಾನು ತಿರುಗುತ್ತಿಲ್ಲವೋ, ನೋಡುವ ಗೊಡವೆಗೆ ಹೋಗುತ್ತಿರಲಿಲ್ಲ. ಥರ್ಮೋಸ್ಟಾಟನ್ನು ಕಿತ್ತು ಹಾಕುತ್ತಿದ್ದ. ಕಿತ್ತದ್ದನ್ನೆಲ್ಲ ತಂತಿಗೆ ಪೋಣಿಸಿ, ಬೇಟೆಗಾರ ಕೊಂಬು ನೇತುಹಾಕಿದಂತೆ ಗೋಡೆಗೆ ನೇತುಹಾಕುತ್ತಿದ್ದ. ಗಿರಾಕಿಗಳು ಅದನ್ನು ನೋಡಿ ಅನುಭವಸ್ಥ ಎಂದು ತಲೆದೂಗುತ್ತಿದ್ದರು. ಇಂಥ ಗಿರಾಕಿಗಳಿಗೆ ಇಂಥ ಮೆಕ್ಯಾನಿಕ್ಕೇ ಸರಿ ಎಂದು ನಾನು ಸುಮ್ಮನಿದ್ದೆ. ಗೆಳೆಯನಿಗೆ ಸುಮ್ಮನಿರುವುದು ಹುಟ್ಟಿನಿಂದಲೇ ಬರುತ್ತಿರಲಿಲ್ಲ.

ಹೀಗಿರುವಾಗ ಅಕ್ಕನ ವ್ಯಾನು ಹೊಗೆ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಅಕ್ಕ ತಾನೇ ವ್ಯಾನು ಓಡಿಸುತ್ತಾಳೆ. ಆಸ್ಪತ್ರೆಯ ಹೊದಿಕೆ ಬಟ್ಟೆಗಳನ್ನು ಲಾಂಡ್ರಿಗೆ ಒಯ್ದು, ಒಗೆದದ್ದನ್ನು ತಂದು ಹಾಕುವ ಕೆಲಸ. ಮನೆ ನಡೆಯುತ್ತಿದ್ದದ್ದು ಅದರಿಂದ, ಗೋಡೆಯ ಕೊಂಬುಗಳಿಂದಲ್ಲ. ಪರೀಕ್ಷೆಯ ಚೀಟಿಯಿಲ್ಲದ ಗಾಡಿಯನ್ನು ಮುಂದಿನ ತಿಂಗಳಿಂದ ಗೇಟಿನ ಒಳಗೆ ಬಿಡುವುದಿಲ್ಲ, ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. ಅವಳು ಗಂಡನ ಬಳಿ ಹೋಗುವ ಮೊದಲು ತಮ್ಮನ ಕೌಂಟರಿಗೆ ಬಂದಳು.

"ಮುಳ್ಳು ಎಲ್ಲಿವರೆಗೆ ಏರತ್ತೆ?" ಅಂದ.

"ಯಾವ ಮುಳ್ಳು?"

"ಬಿಸಿ ತೋರ್ಸೋದು, ಅಕ್ಕ. ನಿನ್ನ ಕಣ್ಮುಂದೇನೇ ಇರತ್ತೆ."

"ಅದು ಏಳೋದೇ ಇಲ್ಲ. ನಿಮ್ಮ ಭಾವ ಗಾಡಿ ತುಂಬಾ ಆರೋಗ್ಯವಾಗಿದೆ ಅಂದ್ರು."

"ಹೆಣ ಕೂಡ ಜ್ವರ ಬರದೆ ಆರೋಗ್ಯವಾಗೇ ಇರತ್ತೆ. ನಿನ್ನ ಗಂಡ ಥರ್ಮೋಸ್ಟಾಟನ್ನ ಕಿತ್ತು ಗೋಡೆಗೆ ನೇತಾಕಿದ್ದಾನೆ, ಹೋಗಿ ನೋಡು."

ಅವಳು ಹೋಗಿ ನೋಡಿದಳು. ಭಾವ ಒಪ್ಪಿಕೊಂಡ, ಆದರೆ ಮೀಸೆ ಮಣ್ಣಾಗದಂತೆ. "ಆಯ್ತು ಕಣೆ, ನಿನ್ನ ತಮ್ಮನ ಮಾತೂ ಬೇಡ, ನನ್ನ ಮಾತೂ ಬೇಡ. ನಡುವೇದು ಹಾಕ್ತೀನಿ" ಎಂದು ಪಕ್ಕದ ಬೀದಿಯಿಂದ ಎಪ್ಪತ್ತೊಂದನ್ನು ತಂದು ಹಾಕಿದ. ಎರಡು ಹಳ್ಳಿಗಳ ನಡುವಿನ ಜಗಳಕ್ಕೆ ಪಂಚಾಯಿತಿ ಮಾಡಿದಂತೆ ಇಂಜಿನ್ನಿಗೂ ಪಂಚಾಯಿತಿ ಮಾಡಿದ. ಇಂಜಿನ್ ಪಂಚರ ಮಾತು ಕೇಳಲಿಲ್ಲ. ವ್ಯಾನು ಮತ್ತೆ ಬಿತ್ತು.

ಆಗ ಅಕ್ಕ ಕೌಂಟರಿನ ಮುಂದೆ ನಿಂತು, "ಎಂಬತ್ತೆಂಟೇ ಕೊಡು. ನಾನೇ ಹಾಕ್ಕೋತೀನಿ. ನೀನು ಬಾಯಲ್ಲಿ ಹೇಳ್ತಾ ಹೋಗು, ಅದೊಂದು ನಿಂಗೆ ಬರತ್ತಲ್ಲ" ಎಂದಳು.

ವ್ಯಾನನ್ನು ಅಂಗಡಿಯ ಮುಂದೆಯೇ ನಿಲ್ಲಿಸಿಕೊಂಡಳು. ಇವನು ಕೌಂಟರಿನ ಒಳಗಿಂದ ಹೇಳಿದ, ಅವಳು ಬೋಲ್ಟು ಬಿಚ್ಚಿದಳು, ನೀರು ಬಸಿದಳು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದಳು, ಕೂಲಂಟು ನೀರು ತುಂಬಿಸಿ ಚಾಲೂ ಮಾಡಿದಳು. ಇಡೀ ಬೀದಿ ಕೆಲಸ ಬಿಟ್ಟು ನೋಡುತ್ತಿತ್ತು. ಮುಳ್ಳು ಎದ್ದಿತು, ನಡುವಿಗೆ ಬಂದಿತು. ಅವನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಮುಳ್ಳು ನಡುವಿನಲ್ಲಿ ನಿಲ್ಲಲಿಲ್ಲ. ಕೆಂಪು ಗೆರೆ ದಾಟಿತು, ರೇಡಿಯೇಟರಿನ ಮುಚ್ಚಳದಿಂದ ಬುಸ್ಸೆಂದು ಹಬೆ ಬಂದಿತು. ಅಕ್ಕ ಇಂಜಿನ್ ಆರಿಸಿ ಅವನನ್ನೇ ನೋಡಿದಳು.

ಬೀದಿ ನಕ್ಕಿತು. ಮೂರ್ಖರು ಗೆದ್ದಾಗ ನಗುವುದು ಒಂದು ಬಗೆಯಲ್ಲಿ, ಬುದ್ಧಿವಂತ ಸೋತಾಗ ನಗುವುದು ಇನ್ನೊಂದು ಬಗೆಯಲ್ಲಿ; ಅದು ಎರಡನೆಯದು. ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಭಾವ ಮಾತ್ರ ನಗದೆ, ಹಲ್ಲಿನ ಸಂದು ಕೆದಕುತ್ತ ಕಾಯುತ್ತಿದ್ದ.

ಆಗ ನನಗೆ ಹೊಳೆಯಿತು: ನನ್ನ ಗೆಳೆಯ ತನ್ನ ಜನ್ಮದಲ್ಲಿ ಒಂದು ಥರ್ಮೋಸ್ಟಾಟನ್ನೂ ಕೈಯಾರೆ ಹಾಕಿರಲಿಲ್ಲ. ಸಾವಿರಾರು ಮಾರಿದ್ದ, ಓದಿದ್ದ, ಮನೆಯ ಹಾಲಿನ ಪಾತ್ರೆಯಲ್ಲಿ ಕುದಿಸಿ ಬಾಗಿಲು ತೆರೆಯುವುದನ್ನು ನೋಡಿದ್ದ. ಈಜಿನ ಪುಸ್ತಕ ಓದಿದವನು ಬಾವಿಗೆ ಅಕ್ಕನನ್ನು ತಳ್ಳಿದ್ದ.

ಬೀದಿ ನೋಡುತ್ತಿದ್ದಂತೆಯೇ ಅವನು ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದ, ಗ್ಯಾರೇಜಿಗೆ ನಡೆದ. ನಾನೂ ಹಿಂದೆ ಹೋದೆ. ಅವನು ಆ ಹೊಸಿಲ ಬಳಿ ಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಭಾವ, ಏನು ತಪ್ಪಾಯ್ತು?"

"ನನ್ನನ್ನ ಕೇಳ್ತೀಯಾ, ಕೌಂಟರ್ ಪಂಡಿತ?"

"ಅಕ್ಕನ ಕೆಲಸ ಹೋಗತ್ತೆ. ಅದಕ್ಕೇ ಕೇಳ್ತಾ ಇದ್ದೀನಿ."

"ಅಂಚಲ್ಲಿ ಒಂದು ಸಣ್ಣ ತೂತಿತ್ತಲ್ಲ, ಅದು ಯಾವ ಕಡೆಗಿದೆ?"

ಅವನಿಗೆ ಗೊತ್ತಿರಲಿಲ್ಲ. ಅವನು ಅಕ್ಕನಿಗೆ ಹೇಳಿರಲೂ ಇಲ್ಲ.

"ಮೇಲಕ್ಕಿರ್ಬೇಕು ಕಣಯ್ಯ. ಒಳಗಿನ ಗಾಳಿ ಅದ್ರಿಂದಾನೇ ಆಚೆ ಹೋಗೋದು. ಕೆಳಗಿಟ್ರೆ ಗಾಳಿ ಅಲ್ಲೇ ಕೂತ್ಕೊಳತ್ತೆ, ಬಿಸಿನೀರು ಮೇಣಾನ ಮುಟ್ಟೋದಿಲ್ಲ, ಬಾಗಿಲು ತೆಗೆಯೋದಿಲ್ಲ. ಇಷ್ಟು ಕಿತ್ತಿದ್ದೀನಿ, ಹೇಗೆ ಕೂತಿರತ್ತೆ ಅಂತ ನಂಗೊತ್ತಿಲ್ವಾ?"

ಭಾವ ಈಗ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಸ್ಪ್ಯಾನರ್ ಎತ್ತಿಕೊಂಡು ಬಂದು, ಇಂಜಿನ್ ತಣಿದ ಮೇಲೆ ಅದೇ ಎಂಬತ್ತೆಂಟನ್ನು ತೂತು ಮೇಲಾಗಿ ಕೂರಿಸಿದ. ಮುಳ್ಳು ನಡುವಿಗೆ ಬಂದು ನಿಂತಿತು. ವ್ಯಾನು ಪರೀಕ್ಷೆಯಲ್ಲಿ ಪಾಸಾಯಿತು, ಅಕ್ಕನ ಕೆಲಸ ಉಳಿಯಿತು. ತಾನು ಸರಿಮಾಡಿದೆ ಎಂದು ಭಾವ ಬೀದಿಗೆಲ್ಲ ಸಾರಿದ. ಮರುದಿನದಿಂದ ಬೇರೆಯವರ ಗಾಡಿಯ ಥರ್ಮೋಸ್ಟಾಟುಗಳನ್ನು ಎಂದಿನಂತೆ ಕೀಳತೊಡಗಿದ. ನೋಡಿ ಕಲಿಯುವುದೂ ಒಂದು ಯೋಗ್ಯತೆ.

ನನ್ನ ಗೆಳೆಯನೂ ಬದಲಾಗಲಿಲ್ಲ. ಎಂಬತ್ತೆಂಟನ್ನು ಕೊಡುವಾಗ ಮಾತ್ರ ಬೈಗುಳದ ಕೊನೆಗೆ "ತೂತು ಮೇಲಕ್ಕೆ" ಎಂದು ಸೇರಿಸುತ್ತಿದ್ದ. ಯಾರು ಹೇಳಿಕೊಟ್ಟರೆಂದು ಮಾತ್ರ ಹೇಳುತ್ತಿರಲಿಲ್ಲ.

ಅವನು ತೀರಿಕೊಂಡದ್ದು ಅಕ್ಕ ಬಟ್ಟೆ ಸಾಗಿಸುವ ಅದೇ ಆಸ್ಪತ್ರೆಯಲ್ಲಿ. ಅವನನ್ನು ಮನೆಗೆ ತರಲು ಬೇರೆ ಗಾಡಿ ಹುಡುಕೋಣ ಎಂದವರಿಗೆ ಅಕ್ಕ ಬೇಡ ಅಂದಳು. ಬೇರೆಯವರಾದರೆ ಗೇಟಿನಲ್ಲಿ ಕಾಯಬೇಕಾಗಿತ್ತು. ಅವಳ ವ್ಯಾನಿಗೆ ಕಾವಲಿನವನು ತಾನಾಗಿಯೇ ಗೇಟು ತೆಗೆದ. ಒಗೆದ ಬಟ್ಟೆಗಳನ್ನು ಇಳಿಸಿ, ಆ ಜಾಗದಲ್ಲಿ ತಮ್ಮನನ್ನು ಮಲಗಿಸಿಕೊಂಡು ಅವಳೇ ಓಡಿಸಿದಳು. ಭಾವ ಪಕ್ಕದಲ್ಲಿ ಕೂತ, ನಾನು ಹಿಂದೆ ಗೆಳೆಯನ ತಲೆಯ ಬಳಿ ಕೂತೆ. ಕೊನೆಯ ತಿರುವಿನಲ್ಲಿ ಭಾವ ಮುಳ್ಳಿನ ಕಡೆ ಬಗ್ಗಿ ನೋಡಿದ.

"ನಡುವಲ್ಲೇ ನಿಂತಿದೆ" ಅಂದ. "ನಾನು ಹಾಕಿದ್ದು ಅದು."

ನಿಜವೇ. ಅವನೇ ಹಾಕಿದ್ದು. ನನಗೆ ಇವತ್ತಿಗೂ ಸಹಿಸಲಾಗದ್ದು ಅದೇ.

ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ, "ಯಾರು ಹಾಕ್ಸಿದ್ದು ಅಂತ ಹೇಳಿ" ಅಂದಳು.

ಭಾವ ಹೇಳಲಿಲ್ಲ. ಮನೆಯ ಮುಂದೆ ಇಳಿದು, ಬೆಂಚು ಹಾಕಿಕೊಂಡು ಕೂತ.