ಸುಮಿತ್ರಾ ಆಂಟಿಯ ಆಷಾಢ

ವಾಷಿಂಗ್ ಮಷೀನು ಬಟ್ಟೆ ಒಗೆದು ಮುಗಿಸಿದಾಗ ಒಂದು ಪುಟ್ಟ ಟ್ಯೂನ್ ಹಾಡುತ್ತದಲ್ಲ, ಸುಮಿತ್ರಾ ಆಂಟಿ ಅದಕ್ಕೂ ಕುಣಿಯುತ್ತಿದ್ದರು. ಕೈಯಲ್ಲಿ ಲಟ್ಟಣಿಗೆ ಇರಲಿ, ಫೋನ್ ಇರಲಿ, ಎರಡು ಹೆಜ್ಜೆ ಬಲಕ್ಕೆ, ಎರಡು ಹೆಜ್ಜೆ ಎಡಕ್ಕೆ, ಕೊನೆಗೊಂದು ಗಿರಕಿ. ಅರವತ್ತೈದು ದಾಟಿದ ಹೆಂಗಸು, ಎರಡೂ ಮಂಡಿ ಕಟಕಟ ಅನ್ನುತ್ತಿದ್ದವು. "ಬೀಳ್ತೀರಾ ಆಂಟಿ" ಅಂದರೆ, "ಸುಮ್ನಿರೇ ಶುಭಾ, ತಾಳ ನಾನೇ ಹಾಕ್ಕೋತಿದೀನಿ, ಕೇಳಿಸ್ತಿಲ್ವಾ?" ಎಂದು ಮಂಡಿ ತೋರಿಸುತ್ತಿದ್ದರು.

ಮೈಸೂರಿನವರು. ಮೂವತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದು, ರಿಟೈರ್ ಆಗಿ, ಅಂಕಲ್ ತೀರಿಕೊಂಡ ಮೇಲೆ ಈ ಪರದೇಶದ ಶಾಮ್‌ಬರ್ಗ್‌ನಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಟೌನ್‌ಹೋಮ್‌ನಲ್ಲಿ ಒಬ್ಬರೇ ಇದ್ದರು. ಅವರ ಫ್ರಿಜ್ಜಿನ ಬಾಗಿಲಿಗೆ ಒಂದು ಪಂಚಾಂಗದ ಕ್ಯಾಲೆಂಡರ್, ಅದಕ್ಕೆ ದಾರದಲ್ಲಿ ಕಟ್ಟಿದ ಕೆಂಪು ಪೆನ್ಸಿಲ್. ಶಾಮ್‌ಬರ್ಗ್‌ನಿಂದ ಬೋಲಿಂಗ್‌ಬ್ರೂಕ್‌ವರೆಗೆ ಯಾವ ಕನ್ನಡದ ಮನೆಯಲ್ಲಿ ನಾಮಕರಣವಾಗಲಿ, ಸೀಮಂತವಾಗಲಿ, ದಿನ ನೋಡಿಕೊಡುವವರು ಸುಮಿತ್ರಾ ಆಂಟಿಯೇ. ದಿನ ನೋಡಿಕೊಟ್ಟ ಮೇಲೆ ಅವರು ಅಲ್ಲಿಗೆ ಹೋಗದೆ ಇರುವುದುಂಟೇ? ಚಿತ್ರಾನ್ನದ ದೊಡ್ಡ ಪಾತ್ರೆಯೂ ಅವರದೇ.

ನನ್ನ ಗೃಹಪ್ರವೇಶಕ್ಕೆ ಜನವರಿಯ ಒಂದು ಗುರುವಾರ ಬೆಳಗಿನ ಜಾವ ಮುಹೂರ್ತ ಇಟ್ಟರು. ಹೊರಗೆ ಮೈನಸ್ ಎಂಟು ಡಿಗ್ರಿ ಫ್ಯಾರನ್‌ಹೀಟ್. "ಆಂಟಿ, ಶನಿವಾರ ಆಗಲ್ವಾ?" ಎಂದು ಅಂಗಲಾಚಿದೆ. "ಚಳಿ ನಿನಗೆ ಕಣೇ, ಗ್ರಹಗಳಿಗಲ್ಲ" ಅಂದರು. ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಹರಿದು, ಹೊಗೆ ಎದ್ದು, ಸ್ಮೋಕ್ ಅಲಾರಂ ಕಿವಿ ಹರಿಯುವಂತೆ ಕಿರುಚಿತು. ನಾನು ಗಾಬರಿಯಿಂದ ಕಿಟಕಿ ತೆಗೆಯುತ್ತಿದ್ದರೆ ಆಂಟಿ ಸೆರಗು ಸಿಕ್ಕಿಸಿಕೊಂಡು, "ಆಹಾ, ವಾಲಗ ಬಂತು!" ಎನ್ನುತ್ತ ಆ ಕಿರುಚಾಟಕ್ಕೇ ಹೆಜ್ಜೆ ಹಾಕಿದರು. ಆವತ್ತಿನಿಂದ ನಾನು ಅವರ ಭಕ್ತೆ.

ಅವರ ಮಗಳು ಅನುಷಾ ಡಿಯರ್‌ಬಾರ್ನ್‌ನಲ್ಲಿ ಕಾರ್ ಕಂಪನಿಯ ಎಂಜಿನಿಯರ್. ಮದುವೆಗೆ ಮುಂಚೆ ಗೆಳತಿಯರ ಜೊತೆ ಸ್ಪೇನ್ ದೇಶದ ಇಬಿಜಾ ದ್ವೀಪಕ್ಕೆ ಹೋಗಿಬಂದು ಅಮ್ಮನಿಗೆ ವಿಡಿಯೋ ತೋರಿಸಿದಳು. ಸಮುದ್ರದ ದಂಡೆ, ಹಾಡಹಗಲು, ಸಾವಿರಾರು ಜನ ಕೈಯೆತ್ತಿ ಕುಣಿಯುತ್ತಿದ್ದಾರೆ.

"ಇದು ಯಾರ ಮನೆ ಮದುವೆನೇ?"

"ನೋಬಡೀಸ್, ಮಾಮ್. ದೇ ಆರ್ ಜಸ್ಟ್ ಡ್ಯಾನ್ಸಿಂಗ್."

"ಕಾರಣ ಇಲ್ದೆ? ಸುಮ್‌ಸುಮ್ನೆ?" ಆಂಟಿ ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, "ಒಂದು ಸಲ ಹೋಗ್ಬೇಕಲ್ಲ ಶುಭಾ" ಎಂದರು.

ಹೋಗುವುದು ಯಾವಾಗ? ಅಲ್ಲಿ ಶುರುವಾಯಿತು ಪಜೀತಿ. ಊರಿಗೆಲ್ಲ ದಿನ ನೋಡಿಕೊಟ್ಟವರಿಗೆ ತಮಗೊಂದು ದಿನ ಸಿಗಲಿಲ್ಲ. ಏಪ್ರಿಲ್ ಕೊನೆಗೆ ಅಲ್ಲಿ ಕ್ಲಬ್ಬುಗಳು ಬಾಗಿಲು ತೆಗೆಯುತ್ತವೆ, ಆದರೆ ನೀರು ತಣ್ಣಗೆ. ಮೇಲಾಗಿ ಅಕ್ಷಯ ತದಿಗೆ, ಮೂರು ಗೃಹಪ್ರವೇಶ. ಜೂನ್ ಹಿತವಾಗಿರುತ್ತದಂತೆ, ಅಷ್ಟರಲ್ಲಿ ಯಾರದೋ ಮಗನ ಉಪನಯನ. ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ. ಸೆಪ್ಟೆಂಬರ್‌ನಲ್ಲಿ ಸಮುದ್ರ ಬೆಚ್ಚಗೆ, ಜನ ಕಡಿಮೆ, ಎಲ್ಲಾ ಸರಿ. ಗಣಪತಿಯನ್ನು ಬಿಟ್ಟು ಹೋಗುವುದು ಹೇಗೆ? ಅದು ಮುಗಿದರೆ ಪಿತೃಪಕ್ಷ. "ಪಿತೃಗಳು ಮನೆಗೆ ಬಂದಾಗ ನಾನು ಬೀಚಲ್ಲಿದ್ರೆ ಏನ್ ಚೆನ್ನ?" ಅಕ್ಟೋಬರ್‌ನಲ್ಲಿ ಗೊಂಬೆ ಕೂರಿಸಬೇಕು, ಅಷ್ಟರಲ್ಲಿ ಅಲ್ಲಿ ಬಾಗಿಲು ಹಾಕುತ್ತಾರೆ. ಚಳಿಗಾಲದಲ್ಲಿ ದ್ವೀಪವೇ ಗಪ್‌ಚಿಪ್. ಫೆಬ್ರವರಿಯಲ್ಲಿ ಬಾದಾಮಿ ಮರಗಳು ಹೂಬಿಡುತ್ತವೆ, ಆಗ ಹೋಗಿ ಅಂದೆ. "ಹೂ ನೋಡೋಕಲ್ಲ ಕಣೇ, ಕುಣಿಯೋಕೆ" ಎಂದು ಗದರಿದರು. ಜುಲೈ ಬಗ್ಗೆ ಮಾತೇ ಇಲ್ಲ. ಆಷಾಢ! ಅದನ್ನು ಮೊದಲ ದಿನವೇ ಕೆಂಪು ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ಹೊಡೆದು ಹಾಕಿದ್ದರು.

ಹೀಗೆ ಮೂರು ವರ್ಷ ಉರುಳಿತು. ಆಮೇಲೆ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಮುಂದಿನ ಚಳಿಗಾಲದೊಳಗೆ ಎರಡೂ ಮಂಡಿ ಬದಲಾಯಿಸಲೇಬೇಕು, ಆಮೇಲೆ ಕುಣಿತದ ಗ್ಯಾರಂಟಿ ಕೊಡಲಾರೆ ಎಂದರು. ವಾಪಸ್ ಬರುವಾಗ ನನ್ನ ಕಾರಿನಲ್ಲಿ ರೇಡಿಯೋ ಹಾಡುತ್ತಿದ್ದರೂ ಆಂಟಿ ಕಾಲು ಕುಣಿಸಲಿಲ್ಲ. ಮನೆ ಹತ್ತಿರ ಬಂದಾಗ, "ದೇವರು ಕೊಟ್ಟ ಮಂಡೀಲಿ ಒಂದು ಸಲ ಕುಣೀಬೇಕಿತ್ತು" ಅಂದರು.

ವಾರದ ನಂತರ ಒಂದು ಬೆಳಿಗ್ಗೆ, ಹಿಮ ಬೀಳುತ್ತಿರುವಾಗ, ಚಪ್ಪಲಿಯಲ್ಲೇ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಕ್ಯಾಲೆಂಡರ್.

"ಶುಭಾ, ನಾನೆಂಥ ಪೆದ್ದಿ ನೋಡು! ಆಷಾಢದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಯಾರೂ ನನ್ನ ಕರೆಯಲ್ಲ! ವರ್ಷದಲ್ಲಿ ನನ್ನದು ಅಂತ ಇರೋದು ಅದೊಂದೇ ತಿಂಗಳು, ಅದನ್ನೇ ಹೊಡೆದು ಹಾಕಿದೀನಿ."

"ಆದ್ರೆ ಆಷಾಢ ಆಂಟಿ..."

"ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗ್ತಾಳೆ ತಾನೇ? ನಾನು ಹಳೇ ಸೊಸೆ. ತವರಲ್ಲಿ ಯಾರಿದಾರೆ ನಂಗೆ? ಇಬಿಜಾಗೇ ಹೋಗ್ತೀನಿ." ಆಮೇಲೆ ಮೆಲ್ಲಗೆ, "ನಿಂಗೂ ಅಮ್ಮ ಹೋಗಿ ಎರಡು ವರ್ಷ ಆಯ್ತಲ್ಲೇ. ಬಾ ನನ್ ಜೊತೆ" ಅಂದರು. ನಾನು ಅಳುತ್ತಲೇ ಆಫೀಸಿಗೆ ರಜೆ ಅಪ್ಲೈ ಮಾಡಿದೆ.

"ಜುಲೈ ಈಸ್ ದ ವರ್ಸ್ಟ್ ಟೈಮ್, ಮಾಮ್!" ಎಂದು ಅನುಷಾ ಬಾಯಿ ಬಡಿದುಕೊಂಡಳು. ಅವಳು ಹೇಳಿದ್ದೆಲ್ಲ ನಿಜವೇ. ಸುಡುವ ಬಿಸಿಲು, ಕಾಲಿಡಲು ಜಾಗವಿಲ್ಲದಷ್ಟು ಜನ. ಆಂಟಿ ಕಾಟನ್ ಸಲ್ವಾರ್, ಬಿಳಿ ಸ್ನೀಕರ್ಸ್, ಅಗಲ ಟೋಪಿ ಧರಿಸಿ, ಎರಡೂ ಮಂಡಿಗೆ ಪಟ್ಟಿ ಕಟ್ಟಿಕೊಂಡು ಆ ಗುಂಪಿನ ನಡುವೆ ನುಗ್ಗಿದರು. ಇಪ್ಪತ್ತು ನಿಮಿಷ ಕುಣಿದು, ಹತ್ತು ನಿಮಿಷ ಕೂತು ಮಂಡಿಗೆ ಐಸ್ ಇಟ್ಟುಕೊಂಡು, ಮತ್ತೆ ಎದ್ದರು. ಸಂಜೆಯ ಹೊತ್ತಿಗೆ ಅವರ ಸುತ್ತ ಹುಡುಗ ಹುಡುಗಿಯರ ದೊಡ್ಡ ವರ್ತುಲ, ಎಲ್ಲರದೂ ಎರಡು ಹೆಜ್ಜೆ ಬಲಕ್ಕೆ, ಎರಡು ಹೆಜ್ಜೆ ಎಡಕ್ಕೆ, ಕೊನೆಗೊಂದು ಗಿರಕಿ. ಒಬ್ಬಳು ಏನು ವಿಶೇಷ, ಹುಟ್ಟುಹಬ್ಬವೇ ಎಂದು ಕೇಳಿದಳು. ಆಂಟಿ ಎದೆಯುಬ್ಬಿಸಿ, "ನೋ ರೀಸನ್!" ಅಂದರು. ಅಷ್ಟು ಸಂತೋಷದ ಮುಖವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಅದೇ ಅಕ್ಟೋಬರ್‌ನಲ್ಲಿ ಆಪರೇಷನ್ ಆಯಿತು, ಆಂಟಿ ಡಿಯರ್‌ಬಾರ್ನ್‌ಗೆ ಮಗಳ ಮನೆ ಸೇರಿದರು. ಹೊಸ ವರ್ಷದ ರಜೆಗೆ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ನೋಡಲು ಹೋದೆ. ಅನುಷಾಳ ವಾಷಿಂಗ್ ಮಷೀನು ಹಾಡಿತು. ಆಂಟಿ ವಾಕರ್ ಹಿಡಿದೇ ಎರಡು ಹೆಜ್ಜೆ ಹಾಕಿದರು. "ಸದ್ದೇ ಇಲ್ಲ ನೋಡು ಹೊಸ ಮಂಡೀಲಿ. ತಾಳ ನೀನೇ ಹಾಕ್ಬೇಕು" ಅಂದರು. ನಾನು ಚಪ್ಪಾಳೆ ತಟ್ಟಿದೆ. ಅದೇ ಕೊನೆಯ ಭೇಟಿ. ಫೆಬ್ರವರಿಯಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟರು.

ಅವರ ಹೊಸ ಕ್ಯಾಲೆಂಡರನ್ನು ಅನುಷಾ ನನಗೇ ಕೊಟ್ಟಳು. "ಐ ಕಾಂಟ್ ರೀಡ್ ಇಟ್, ಶುಭಾ ಆಂಟಿ" ಅಂದಳು. ಪ್ರತಿ ತಿಂಗಳೂ ಯಾರ ಯಾರದೋ ಶುಭಕಾರ್ಯಗಳು. ಆಷಾಢದಲ್ಲಿ ಮಾತ್ರ ಈ ತುದಿಯಿಂದ ಆ ತುದಿಗೆ ಕೆಂಪು ಪೆನ್ಸಿಲ್‌ನಲ್ಲಿ ಒಂದೇ ಮಾತು: ತವರು. ಅದರ ಕೆಳಗೆ ನನ್ನ ಹೆಸರು.

ಮೊನ್ನೆ ಬೋಲಿಂಗ್‌ಬ್ರೂಕ್‌ನಿಂದ ಹೊಸದಾಗಿ ಮನೆ ಕೊಂಡ ಹುಡುಗಿಯೊಬ್ಬಳು ಫೋನ್ ಮಾಡಿ, ಜುಲೈನಲ್ಲಿ ಫ್ರೆಂಡ್ಸ್‌ಗೆಲ್ಲ ಊಟ ಇಟ್ಕೊಂಡಿದೀವಿ, ಬರ್ಲೇಬೇಕು ಅಕ್ಕ ಎಂದಳು.

"ಜುಲೈ ಆಗಲ್ಲಮ್ಮ" ಅಂದೆ. "ಆಷಾಢ ಅಲ್ವಾ? ತವರಿಗೆ ಹೋಗ್ತಿದೀನಿ."