ತೇಲಿಬಂದ ಬಲೆ

ಬಲೆಯ ಹಗ್ಗ ಎಳೆದೆಳೆದು ತಾಂಡೇಲರ ತೋರುಬೆರಳಿನಲ್ಲಿ ಆಳವಾದ ಗೀರೊಂದು ಬಿದ್ದಿತ್ತು. ಧ್ಯಾನಕ್ಕೆ ಕೂತಾಗಲೂ ಹೆಬ್ಬೆರಳು ಆ ಗೀರನ್ನೇ ಉಜ್ಜುತ್ತಿತ್ತು. ಊರಿಗೆ ಮೊಬೈಲು ಆಗಷ್ಟೇ ಬಂದಿದ್ದ ವರ್ಷಗಳು. ಮಲ್ಲಾಪುರದ ಕ್ವಾರ್ಟರ್ಸಿನ ಮನೆಯೊಂದರಲ್ಲಿ ಭಾನುವಾರ ಬೆಳಿಗ್ಗೆ ಚಾಪೆಯ ಮೇಲೆ ನಾಲ್ಕೇ ಜನ: ಬೌದ್ಧರಾದ ಆ ಮನೆಯ ಅಜ್ಜ, ಅವರ ಹೆಂಡತಿ, ನಾನು, ದೇವಬಾಗದ ತಾಂಡೇಲರು. ದೋಣಿ ನಡೆಸುವ ಮುಖ್ಯಸ್ಥನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಅವರು ನಮ್ಮ ನೆರೆಮನೆಯವರು. ನಿದ್ದೆಗೆಟ್ಟು ಒದ್ದಾಡುತ್ತಿದ್ದ ನನ್ನನ್ನು ಅಲ್ಲಿಗೆ ಎಳೆದೊಯ್ದವರೂ ಅವರೇ.

ಕೂರುವ ಮೊದಲು ಅಜ್ಜ ಪಂಚಶೀಲ ಹೇಳಿಸುತ್ತಿದ್ದರು. ಕೊಲ್ಲುವುದಿಲ್ಲ ಎಂಬ ಮೊದಲನೆಯದಕ್ಕೆ ತಾಂಡೇಲರು ಬಾಯಿ ತೆರೆಯುತ್ತಿರಲಿಲ್ಲ. “ನಾಳೆ ಬಲೆ ಹಾಕುವವ ಇವತ್ತು ಎಂತಕ್ಕೆ ಸುಳ್ಳು ಹೇಳುದು? ಉಳಿದ ನಾಕು ಗಟ್ಟಿ ಹಿಡಿತೆ.”

ದೋಣಿಯ ಹುಡುಗರು ಬಿಡುವರೇ? “ತಾಂಡೇಲ್ರೇ, ಬಂಗಡೆ ಮೀನಿಗೂ ಪಂಚಶೀಲ ಹೇಳಿ, ತಾವಾಗೇ ಬುಟ್ಟಿ ಹತ್ತತಾವೆ.”

“ನಿಂಗೇ ಹೇಳಿ ಸಾಕಾತು ಮಾರಾಯ. ನೀನೇ ಕುಡ್ಯುದು ಬಿಡ್ಲಿಲ್ಲ, ಬಂಗಡೆ ಕೇಳ್ತದ್ಯಾ?”

ವರ್ಷ ಕಳೆದರೂ ತಾಂಡೇಲರಿಗೆ ಶಾಂತಿ ಮಾತ್ರ ಬರಲಿಲ್ಲ. ಒಂದು ಭಾನುವಾರ ಧ್ಯಾನದ ನಡುವೆಯೇ ಎದ್ದು ನಿಂತರು. “ಅಜ್ಜಾರೇ, ಕಣ್ಣು ಮುಚ್ಚಿದ್ರೆ ಒಂದು ಬಲೆ ಕಾಣ್ತದೆ.”

“ಯಾರದು?”

“ನಂದಲ್ಲ.”

“ಹಾಗಾದ್ರೆ ಇಲ್ಲಿ ಕೂತು ಏನು ಮಾಡ್ತೀಯಪ್ಪ? ಎರಡನೇ ಶೀಲಕ್ಕೆ ವಾಪಸ್ ಹೋಗು.”

ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ಎರಡನೆಯದು. ನೇರ ಹಟ್ಟಿಕೇರಿಗೆ ಹೊರಟೆವು. ನನ್ನ ಬೈಕಿನ ಹಿಂದೆ ಕೂತು ತಾಂಡೇಲರು ಹೇಳಿದರು: ಒಂಬತ್ತು ವರ್ಷದ ಹಿಂದೆ ಗಾಳಿಮಳೆ ನಿಂತ ಮೇಲೆ ಕಾಳಿ ನದಿಯ ಬಾಯಲ್ಲಿ ಬಲೆಯೊಂದು ತೇಲಿಬಂತು. ಬಲೆ ತೇಲಿಸುವ ಬೆಂಡುಗಳ ಮೇಲೆ ಹಟ್ಟಿಕೇರಿ ದೋಣಿಯೊಂದರ ಗುರುತಿತ್ತು. ಅಂಥ ಬಲೆಯನ್ನು ದಡದಲ್ಲಿಟ್ಟು ಒಡೆಯನಿಗೆ ಸುದ್ದಿ ಮುಟ್ಟಿಸುವುದು ಕಡಲಿನವರ ಪದ್ಧತಿ. ಇವರು ಗುರುತು ಕೆರೆದು ತಮ್ಮದೆಂದೇ ಬಳಸಿದರು. ಅಲ್ಲಿ ಒಡೆಯ, ಗಾಳಿಮಳೆಯ ನೆಪ ಹೇಳಿ ತನ್ನ ತಮ್ಮನೇ ಬಲೆ ಮಾರಿಕೊಂಡನೆಂದು ಅವನನ್ನು ಮನೆಯಿಂದ ಹೊರಹಾಕಿದ. ಸುದ್ದಿ ಕಿವಿಗೆ ಬಿದ್ದರೂ ಇವರು ಸುಮ್ಮನಿದ್ದರು.

“ಕದ್ದದ್ದು ಬಲೆ ಒಂದೇ ಅಂದ್ಕಂಡಿದ್ದೆ, ತಮಾ. ಅಣ್ಣತಮ್ಮಂದ್ರನ್ನೂ ಮುರ್ದೆ.”

ದಾರಿಯಲ್ಲಿ ಮೂರು ಸಲ ಬೈಕು ನಿಲ್ಲಿಸಿದರು. “ವಾಪಸ್ ಹೋಗ್ವನಾ?” ಎನ್ನುವರು, ಮರುಕ್ಷಣವೇ, “ಬೇಡ, ನಡಿ.”

ಹಟ್ಟಿಕೇರಿಯಲ್ಲಿ ಬಲೆಯ ಒಡೆಯನಾದ ಆ ಅಣ್ಣ ದೋಣಿ ತೊಳೆಯುತ್ತಿದ್ದ. ತಾಂಡೇಲರು ನಿಂತಲ್ಲೇ ಎಲ್ಲವನ್ನೂ ಹೇಳಿದರು. ಅವನು ನೀರಿನ ಬಕೆಟು ಕೆಳಗಿಟ್ಟ. “ತಮ್ಮನ ಮಕ್ಕಳನ್ನೂ ಮಾತಾಡಿಸಲಿಲ್ಲ ನಾನು. ಈಗ ಬಂದ್ಯಾ?”

“ಹೊಸ ಬಲೆ ಮಾಡಿಕೊಡ್ತೆ.”

“ಬಲೆ ಯಾರಿಗೆ ಬೇಕು? ನಡಿ ಇಲ್ಲಿಂದ.”

ಹಿಂದಿರುಗುವಾಗ, ಈಗಲಾದರೂ ಶಾಂತಿ ಬಂತೇ ಎಂದು ಕೇಳಿದೆ. “ಎಲ್ಲಿ ಬಂತು? ಅವ ತಮ್ಮನ ಮನೆಗೆ ಹೋಗ್ತಾನೋ ಇಲ್ವೋ ಅಂತ ಹೆದರಿಕೆ ಬಂತು.” ಒಂದು ತಿಂಗಳು ಊಟ ಅರ್ಧಕ್ಕೇ ಬಿಟ್ಟು ಬೇಲೆಯ ಮೇಲೆ, ಕಡಲ ದಂಡೆಯಲ್ಲಿ, ಅತ್ತಿಂದಿತ್ತ ನಡೆದರು. ನನ್ನ ನಿದ್ದೆ ಕೆಡಿಸಿದ್ದ ತಪ್ಪೊಂದನ್ನು ನಾನೂ ಎದ್ದು ಹೋಗಿ ಸರಿಮಾಡಬೇಕಿತ್ತು. ಅವರು ಹೋದದ್ದನ್ನು ನೋಡಿಯೇ ನಾನೂ ಹೋದೆ. ಅವರ ಆ ಋಣ ದೊಡ್ಡದು.

ಒಂದು ಮಧ್ಯಾಹ್ನ ನಾವಿಬ್ಬರೂ ಕೂತಿದ್ದಾಗ ಅಪರಿಚಿತನೊಬ್ಬ ತಾಂಡೇಲರ ಅಂಗಳಕ್ಕೆ ನುಗ್ಗಿದ. “ತಾಂಡೇಲ ಯಾರು?”

“ನಾನೇ.”

ಕೆನ್ನೆಗೆ ಬಾರಿಸಿದ. ನಾನು ಎದ್ದೆ, ತಾಂಡೇಲರು ಕೈಯಡ್ಡ ಹಿಡಿದು ತಡೆದರು. ಅವನು ಏದುಸಿರು ಬಿಡುತ್ತ ನಿಂತ. “ನಿನ್ನೆ ಅಣ್ಣ ನಮ್ಮನೆಗೆ ಬಂದು ಉಂಡ್ಕಂಡು ಹೋದ” ಎಂದ. ಆಮೇಲೆ ಜಗಲಿಯ ಮೇಲೆ ಕೂತು ನೀರು ಕೇಳಿದ.

ತಾಂಡೇಲರೇ ಒಳಗೆ ಹೋಗಿ ತಂದುಕೊಟ್ಟರು.