ಬ್ಯಾಡಗಿಯವರು ಬಟ್ಟೆ ಝಾಡಿಸಿ ಒಳಗೆ ಬರತಕ್ಕದ್ದು

ರಾಣೆಬೆನ್ನೂರಿನ ಆ ದವಾಖಾನೆಯ ಗೋಡೆಗೆ ನಿಯಮಗಳ ಹಲಗೆಯೊಂದನ್ನು ತೂಗುಹಾಕಿದ್ದರು. ಚಪ್ಪಲಿ ಹೊರಗೆ ಬಿಡಬೇಕು. ನಂಬರ್ ಕೂಗಿದಾಗ ಇಲ್ಲದವರು ಕೊನೆಗೆ ಹೋಗಬೇಕು. ಚೀಟಿ ಯಾರ ಹೆಸರಿಗಿದೆಯೋ ಅವರನ್ನು ಮಾತ್ರ ನೋಡಲಾಗುವುದು. ಎಲ್ಲಕ್ಕಿಂತ ಕೆಳಗೆ, ಆಮೇಲೆ ಯಾರೋ ಸಿಟ್ಟಿನಿಂದ ಸೇರಿಸಿದಂತೆ, ಕೆಂಪು ಬಣ್ಣದಲ್ಲಿ: ಬ್ಯಾಡಗಿಯವರು ಬಟ್ಟೆ ಝಾಡಿಸಿ ಒಳಗೆ ಬರತಕ್ಕದ್ದು. ನಾವು ಬ್ಯಾಡಗಿಯವರು. ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮೂರಿನ ಒಬ್ಬರು ಬೆಂಚಿನ ಮೇಲೆ ಕೂತರೆ ಸಾಕು, ಉಳಿದ ರೋಗಿಗಳೆಲ್ಲ ಸೀನಲು ಶುರುಮಾಡುತ್ತಿದ್ದರು.

ಹಲಗೆಯ ಮೇಲೆ ಬರೆಯದ ಪದ್ಧತಿ ಇನ್ನೊಂದಿತ್ತು. ಜ್ವರ ಇರಲಿ ಬಿಡಲಿ, ಸ್ಟೂಲಿನ ಮೇಲೆ ಕೂತ ಕೂಡಲೇ ಕಂಪೌಂಡರ್ ರೋಗಿಯ ಬಾಯಿಗೆ ಥರ್ಮಾಮೀಟರ್ ಇಡುತ್ತಿದ್ದ. ಅದು ಬಾಯಲ್ಲಿರುವಷ್ಟು ಹೊತ್ತು ಜೊತೆಗೆ ಬಂದವರು ಕಾಯಿಲೆ ಹೇಳಬೇಕು. ಅದು ಹೊರಗೆ ಬರುವ ಹೊತ್ತಿಗೆ ಡಾಕ್ಟರು ಅರ್ಧ ಔಷಧ ಬರೆದುಬಿಟ್ಟಿರುತ್ತಿದ್ದರು. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಅವರಾದರೂ ಏನು ಮಾಡಿಯಾರು ಅನ್ನಿ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಅಲ್ಲಿ ಬಾಯಿ ಅತ್ತೆಯದು, ರೋಗ ನನ್ನದು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹಾವೇರಿಯಿಂದ ಬ್ಯಾಡಗಿಗೆ ಸೊಸೆಯಾಗಿ ಬಂದೆ. ಮೆಣಸಿನಕಾಯಿ ವ್ಯಾಪಾರದ ಮನೆ. ಒಳಖೋಲಿಯಲ್ಲಿ ಸೂರು ಮುಟ್ಟುವಂತೆ ಚೀಲಗಳು. ಕಳ್ಳರ ಭಯ, ಇಲಿಗಳ ಭಯ. ಆ ಮನೆಯಲ್ಲಿ ಮೆಣಸಿನಕಾಯಿ ಒಂಟಿಯಾಗಿ ಮಲಗುತ್ತಿರಲಿಲ್ಲ. ಹೊಸ ಸೊಸೆ ಅದರ ಜೊತೆಗೆ ಮಲಗಬೇಕು. ಅತ್ತೆಗೆ ಪಕ್ಕದ ಚಿಕ್ಕ ಖೋಲಿ. ಮಾವ, ಮೈದುನ, ನನ್ನ ಯಜಮಾನರು ಸೆಕೆಯೆಂದು ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದರು.

ಒಳಖೋಲಿಗೆ ಕಿಟಕಿ ಇರಲಿಲ್ಲ. ಇದ್ದ ಒಂದು ಬೆಳಕಿಂಡಿಗೂ ಕಾಯಿಯ ಬಣ್ಣ ಮಾಸೀತೆಂದು ಗೋಣಿ ತುರುಕಿದ್ದರು. ಮಲಗಿದರೆ ಮೊದಲು ಗಂಟಲಲ್ಲಿ ಕೆರೆತ, ಆಮೇಲೆ ಎದೆಯ ಮೇಲೆ ಯಾರೋ ಚೀಲ ಇಳಿಸಿದಂತೆ. ಎದ್ದು ಕೂತು ಉಸಿರಿಗಾಗಿ ಬಾಯಿ ತೆರೆದರೆ ಮತ್ತಷ್ಟು ಖಾರವೇ ಒಳಗೆ ಹೋಗುತ್ತಿತ್ತು. ಸತ್ತೇ ಹೋಗುತ್ತೇನೆಂದು ನಿಜಕ್ಕೂ ಹೆದರಿದ್ದೆ. ಆದರೆ ಹೇಳುವುದು ಹೇಗೆ? ಆ ಊರಿನಲ್ಲಿ ಸೊಸೆಯೊಬ್ಬಳು ಮೆಣಸಿನಕಾಯಿ ಆಗಿಬರುವುದಿಲ್ಲ ಎಂದರೆ ಮನೆಯೇ ಆಗಿಬರುವುದಿಲ್ಲ ಎಂದಂತೆ. ತವರಿಗೆ ವಾಪಸು ಕಳಿಸಲು ಅಷ್ಟು ಸಾಕು. ಡಾಕ್ಟರರೇ ಕಂಡುಹಿಡಿದು ಹೇಳಲಿ ಎಂದು ಕಾದೆ.

"ತವರು ನೆನಸಿ ಸೊರಗಾಕತ್ಯಾಳ್ರಿ," ಎಂದು ಅತ್ತೆ ಅವರಿಗೆ ಹೇಳುತ್ತಿದ್ದರು. "ರಾತ್ರಿ ಎದ್ದು ಕುಂತು ಬಿಕ್ಕತಾಳ. ಊಟ ಸೇರೂದಿಲ್ಲ." ನಾನು ಥರ್ಮಾಮೀಟರ್ ಕಚ್ಚಿಕೊಂಡು ಅಲ್ಲವೆಂದು ತಲೆಯಾಡಿಸಿದರೆ, "ಅಲಗಾಡಬ್ಯಾಡ್ರಿ" ಎಂದು ಕಂಪೌಂಡರ್ ಗದರುತ್ತಿದ್ದ. ಡಾಕ್ಟರು ಸ್ಟೆತೊಸ್ಕೋಪ್ ಇಟ್ಟು ಕೇಳಿ, "ಎದಿ ಸ್ವಚ್ಛ ಐತಿ" ಎನ್ನುತ್ತಿದ್ದರು. ಇರದೇ ಏನು? ರಾಣೆಬೆನ್ನೂರಿಗೆ ಹೋಗುವುದೆಂದರೆ ತಲೆಗೆ ಎರೆದುಕೊಂಡು, ಟ್ರಂಕಿನ ಸೀರೆ ಉಟ್ಟು, ಪ್ಯಾಸೆಂಜರ್ ಗಾಡಿಯ ಕಿಟಕಿಯ ಪಕ್ಕ ಕೂತು ಹೋಗುವುದು. ಉಳಿದ ಧೂಳನ್ನು ದವಾಖಾನೆಯ ಬಾಗಿಲಲ್ಲಿ ಝಾಡಿಸುವುದು. ಕಾಯಿಲೆಯನ್ನು ಮನೆಯಲ್ಲಿ ಬಿಟ್ಟು ನಾನೊಬ್ಬಳೇ ಡಾಕ್ಟರರ ಮುಂದೆ ಕೂರುತ್ತಿದ್ದೆ. ಟಾನಿಕ್ ಬಾಟಲಿ ಹಿಡಿದು ಮತ್ತೆ ಅದೇ ಖೋಲಿಗೆ ಬರುತ್ತಿದ್ದೆ. ಸಿಹಿ ಟಾನಿಕ್ಕು. ಅದನ್ನು ಕಂಡರೇ ಮೈ ಉರಿಯುತ್ತಿತ್ತು.

ಒಂದು ಸಲ ಅತ್ತೆ ಡಾಕ್ಟರರಿಗೆಂದು ಹೊಸ ಮೆಣಸಿನಕಾಯಿಯ ಗಂಟು ಒಯ್ದರು. ಸುಗ್ಗಿಯಲ್ಲಿ ನಮ್ಮ ಕಡೆಯವರು ಬರಿಗೈಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ಬಟ್ಟೆ ಝಾಡಿಸಿದೆವು, ಗಂಟನ್ನು ಝಾಡಿಸಬೇಕೆಂದು ಹಲಗೆಯ ಮೇಲೆ ಇರಲಿಲ್ಲ. ಡಾಕ್ಟರು ಸಂತೋಷದಿಂದ ಅದನ್ನು ಮೇಜಿನ ಮೇಲೆಯೇ ಬಿಚ್ಚಿ, ಒಂದು ಹಿಡಿ ಎತ್ತಿ ಬಣ್ಣ ನೋಡಿದರು. ನನ್ನ ಬಾಯಲ್ಲಿ ಥರ್ಮಾಮೀಟರ್. ಉಸಿರು ಸಿಕ್ಕಿಕೊಂಡಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಸ್ಟೂಲಿನಿಂದ ಜಾರಿ ಕೆಳಗೆ ಬಿದ್ದೆ. ಡಾಕ್ಟರು ಓಡಿಬಂದು ಥರ್ಮಾಮೀಟರ್ ಕಿತ್ತು ಇಂಜೆಕ್ಷನ್ ಕೊಟ್ಟರು.

"ತವರಲ್ರೀ ಇದು, ದಮ್ಮು!" ಎಂದು ಅತ್ತೆಯ ಮೇಲೆ ರೇಗಿದರು. "ಇವರನ್ನ ಮೆಣಸಿನಕಾಯಿ ಹಂತ್ಯಾಕ ಮಲಗಸಬ್ಯಾಡ್ರಿ. ತಿಂಗಳ ಬಿಟ್ಟು ಕರಕೊಂಡು ಬರ್ರಿ."

ಅವತ್ತೇ ಅತ್ತೆ ತಮ್ಮ ಹಾಸಿಗೆ ಸುತ್ತಿಕೊಂಡು ಒಳಖೋಲಿಗೆ ಹೋದರು, ನನ್ನನ್ನು ಚಿಕ್ಕ ಖೋಲಿಗೆ ಕಳಿಸಿದರು. ನಾನು ಗೆದ್ದೆ ಅಂದುಕೊಂಡೆ. ವಾರ ಕಳೆಯುವುದರೊಳಗೆ ಗೋಡೆಯ ಆಚೆಯಿಂದ ಕೆಮ್ಮು ಕೇಳತೊಡಗಿತು. ನನ್ನದೇ ಕೆಮ್ಮು, ಮುದುಕಿಯ ದನಿಯಲ್ಲಿ. ಬೆಳಿಗ್ಗೆ ನೀರೊಲೆಯ ಮುಂದೆ ಕೂತಾಗ ಏನೆಂದು ಕೇಳಿದೆ.

"ಹೊಸಾದಲ್ಲ ಬಿಡು," ಎಂದರು. "ನಾ ಸೊಸಿಯಾಗಿ ಬಂದಾಗ ಆ ಖೋಲ್ಯಾಗ ಹಿಂಗ ಕೆಮ್ಮತಿದ್ದೆ. ತವರಿನ ನೆನಪು ಅಂದ್ರು ನಮ್ಮತ್ತಿ. ಖರೇ ಇರಬೇಕು ಅನ್ಕೊಂಡೆ. ತವರು ಮರತೆ, ಕೆಮ್ಮು ಹೋಗಲಿಲ್ಲ. ನೀ ಬಂದು ಆ ಖೋಲಿ ಹಿಡದ ಮ್ಯಾಲ ಹೋತು."

"ಡಾಕ್ಟರಿಗೆ ತೋರಸೂಣ್ರಿ."

"ತೋರಿಸಿ ಏನ್ ಮಾಡ್ತಿ? ನಾ ಹೊರಗ ಬಂದ್ರ ನೀ ಒಳಗ ಹೋಗಬೇಕು. ಸುಮ್ನ ಇರು."

ಇಷ್ಟು ದಿನ ಆಕೆಗಾಗಿ ಕೂಡಿಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಮೊದಲು ಒಬ್ಬಳೇ ಸಿಕ್ಕಿಬಿದ್ದಿದ್ದೆ, ಈಗ ಇಬ್ಬರು. ಒಬ್ಬರು ಉಸಿರಾಡಬೇಕಾದರೆ ಇನ್ನೊಬ್ಬರು ಬಿಗಿಹಿಡಿಯಬೇಕು.

ತಿಂಗಳು ಬಿಟ್ಟು ಹೋದಾಗ ನಂಬರಿನ ಚೀಟಿಗೆ ನನ್ನ ಹೆಸರು ಹೇಳಲಿಲ್ಲ, ಅತ್ತೆಯ ಹೆಸರು ಬರೆಸಿದೆ. ಕೂಗಿದಾಗ ಅವರು ಗಾಬರಿಯಾದರು. "ನಾ ಅಲ್ರೀ, ಇಕಿ..." ಎನ್ನಲು ಬಾಯಿ ತೆರೆದರು. ಕಂಪೌಂಡರನಿಗೆ ಅಷ್ಟೇ ಬೇಕಾಗಿತ್ತು, ಥರ್ಮಾಮೀಟರ್ ಇಟ್ಟುಬಿಟ್ಟ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಾನು ಖೋಲಿ, ಕೆಮ್ಮು, ಅವರ ಅತ್ತೆ ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕಣ್ಣಲ್ಲೇ ಬೈಯುತ್ತಿದ್ದರು. ಬಾಯಿ ಬಿಡುಗಡೆಯಾದ ಕೂಡಲೇ, "ಹುಚ್ಚಿ ಅದಾಳ್ರಿ, ಇಕಿ ಮಾತು ಕೇಳಬ್ಯಾಡ್ರಿ. ಗುಂಡಕಲ್ಲಿನಂಗ ಅದೇನಿ," ಎಂದರು.

ಡಾಕ್ಟರು ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಮಿಂದು, ಟ್ರಂಕಿನ ಸೀರೆ ಉಟ್ಟು, ಗಾಡಿಯ ಕಿಟಕಿಯ ಗಾಳಿ ಕುಡಿದು ಬಂದ ಎದೆ.

"ಎದಿ ಸ್ವಚ್ಛ ಐತಿ," ಎಂದರು.

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಬಾಗಿಲಲ್ಲಿ ಬಟ್ಟೆ ಝಾಡಿಸುವಾಗ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಈಗ ಅದರ ಗಂಟು ಬಿಚ್ಚಿ, ಖೋಲಿಯ ನೆಲದಿಂದ ಬಳಿದು ತಂದಿದ್ದ ಕೆಂಪು ಧೂಳನ್ನು ಅತ್ತೆಯ ಎದುರಿಗೆ ಮೇಜಿನ ಮೇಲೆ ಕೊಡವಿದೆ.

ಮೊದಲು ಅತ್ತೆಗೆ ಘಾಟು ಹತ್ತಿತು, ಆಮೇಲೆ ನನಗೆ. ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಕೆಮ್ಮಿದೆವು. ಕಂಪೌಂಡರ್ ಓಡಿಹೋಗಿ ಕಿಟಕಿ ತೆರೆದ. ಡಾಕ್ಟರು ಇಬ್ಬರಿಗೂ ಇಂಜೆಕ್ಷನ್ ಕೊಟ್ಟರು. ನಮ್ಮ ಉಸಿರು ತಿರುಗಿದ ಮೇಲೆ, ತಾವೂ ಕಣ್ಣೊರೆಸಿಕೊಳ್ಳುತ್ತ ಕೇಳಿದರು: "ಅಲ್ರೀ, ಆ ಖೋಲ್ಯಾಗ ಮಲಗಾಕ ನಿಮ್ಮ ಮನ್ಯಾಗ ಗಂಡಸರಿಲ್ಲೇನು?"

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರ ಬಾಯಲ್ಲೂ ಈಗ ಥರ್ಮಾಮೀಟರ್ ಇರಲಿಲ್ಲ, ಆದರೂ ಮಾತು ಬರಲಿಲ್ಲ. ಪ್ರತಿ ಸಂಜೆ ಕಟ್ಟೆಯ ಮೇಲೆ ಅವರ ಮೂರು ಹಾಸಿಗೆ ಹಾಸುತ್ತಿದ್ದವರು ನಾವೇ. ಅವುಗಳಲ್ಲಿ ಒಂದನ್ನು ಒಳಗೆ ಹಾಸಬಹುದೆಂದು ಅತ್ತೆಗೆ ಅಷ್ಟು ವರ್ಷಗಳಲ್ಲಿ, ನನಗೆ ಅಷ್ಟು ತಿಂಗಳುಗಳಲ್ಲಿ, ಒಮ್ಮೆಯೂ ಹೊಳೆದಿರಲಿಲ್ಲ.